ಆರ್ಕಿಟೆಕ್ಟ್ ಇಲ್ಲದೆ ಮನೆ ವಿಸ್ತರಣೆ: ನಕ್ಷೆ ನೀವೇ ಹಾಕಿಕೊಳ್ಳುವುದು ಹೇಗೆ?

ಮನೆಯಲ್ಲಿ ಜನ ಜಾಸ್ತಿಯಾಗಿದ್ದಾರೆ. ಇಲ್ಲವೇ ವಯಸ್ಸಾದ ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಕೆಳಗೇ ಒಂದು ಕೋಣೆ ಬೇಕು. ಹಿಂದೆ ಜಾಗವೂ ಇದೆ. ಒಂದು ಕೋಣೆಗೆ ಆರ್ಕಿಟೆಕ್ಟ್ ಯಾಕೆ, ನಾವೇ ಯೋಚನೆ ಮಾಡಿ ಕಟ್ಟಿಸೋಣ ಅನ್ನಿಸುವುದು ಸಹಜ. ಖಂಡಿತ ಮಾಡಬಹುದು. ಆ ಮನೆಯಲ್ಲಿ ವರ್ಷಗಟ್ಟಲೆ ಇದ್ದವರು ನೀವು. ಮಧ್ಯಾಹ್ನ ಯಾವ ಗೋಡೆ ಕಾಯುತ್ತದೆ, ಮಳೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಿಟಕಿ ತೆರೆದರೆ ಗಾಳಿ ಬರುತ್ತದೆ ಎಂಬುದು ನಿಮಗೆ ಗೊತ್ತಿರುವಷ್ಟು ಹೊರಗಿನವರಿಗೆ ಗೊತ್ತಿರುವುದಿಲ್ಲ.

ಆದರೆ ಹೆಚ್ಚಿನವರು ಎಡವುವ ಜಾಗ ಒಂದಿದೆ. ಅವರು ಹೊಸ ಕೋಣೆಯ ಬಗ್ಗೆ ಮಾತ್ರ ಯೋಚಿಸುತ್ತಾರೆ. ಹೊಸ ಕೋಣೆ ಚೆನ್ನಾಗಿಯೇ ಬರುತ್ತದೆ. ಅದಕ್ಕೆ ಅಂಟಿಕೊಂಡ ಹಳೇ ಕೋಣೆ ಮಾತ್ರ ಕತ್ತಲಾಗುತ್ತದೆ, ಗಾಳಿ ನಿಲ್ಲುತ್ತದೆ, ಕೊನೆಗೆ ಎಲ್ಲರೂ ಓಡಾಡುವ ದಾರಿಯಾಗಿಬಿಡುತ್ತದೆ. ಆದ್ದರಿಂದ ಕೋಣೆಯ ನಕ್ಷೆ ಬೇಡ, ಇಡೀ ಮನೆಯ ನಕ್ಷೆ ಹಾಕಿ.

ಇನ್ನೊಂದು ವಿಷಯ ಈಗಲೇ ಹೇಳಿಬಿಡಬೇಕು. ಆರ್ಕಿಟೆಕ್ಟ್ ಇಲ್ಲದಿದ್ದರೂ ನಡೆಯುತ್ತದೆ, ಸ್ಟ್ರಕ್ಚರಲ್ ಎಂಜಿನಿಯರ್ ಇಲ್ಲದೆ ನಡೆಯುವುದಿಲ್ಲ. ಕೋಣೆ ಎಲ್ಲಿ, ಎಷ್ಟು ದೊಡ್ಡದು, ಕಿಟಕಿ ಯಾವ ಕಡೆಗೆ ಎನ್ನುವುದೆಲ್ಲ ನಿಮ್ಮ ಕೆಲಸ. ಪಾಯ ಎಷ್ಟು ಆಳ, ತೊಲೆಗೆ ಎಷ್ಟು ಕಬ್ಬಿಣ ಎನ್ನುವುದು ಅವರ ಕೆಲಸ. ಅಲ್ಲಿ ಉಳಿತಾಯ ನೋಡಬೇಡಿ. ಈಗಿರುವ ಮನೆಯ ಮೇಲೆ ಇನ್ನೊಂದು ಮಹಡಿ ಎತ್ತುವ ಯೋಚನೆ ಇದ್ದರಂತೂ ಪೆನ್ಸಿಲ್ ಹಿಡಿಯುವ ಮೊದಲೇ ಅವರನ್ನು ಕರೆಸಿ. ಹಳೇ ಪಾಯ ಅಷ್ಟು ಭಾರ ಹೊರುತ್ತದೋ ಇಲ್ಲವೋ ಎಂಬುದು ಲೆಕ್ಕ ಹಾಕಿಯೇ ತಿಳಿಯಬೇಕು.

ಮೊದಲು ಇರುವ ಮನೆ ಅಳೆಯಿರಿ

ಹಳೇ ನಕ್ಷೆ ಸಿಕ್ಕರೂ ಅದನ್ನು ನಂಬಿ ಕೂರಬೇಡಿ. ಕಟ್ಟುವಾಗ ನಕ್ಷೆಗೂ ಗೋಡೆಗೂ ಅಲ್ಪಸ್ವಲ್ಪ ವ್ಯತ್ಯಾಸ ಬಂದೇ ಇರುತ್ತದೆ. ಟೇಪು ಹಿಡಿದು ನೀವೇ ಅಳೆಯಿರಿ. ಒಬ್ಬರು ಹಿಡಿಯಲು, ಒಬ್ಬರು ಬರೆಯಲು ಇದ್ದರೆ ಸಲೀಸು.

ಒಂದು ಗೋಡೆಯಲ್ಲಿ ಕಿಟಕಿ, ಬಾಗಿಲು ಎಲ್ಲ ಇದ್ದರೆ ತುಂಡು ತುಂಡಾಗಿ ಅಳೆದು ಕೂಡಬೇಡಿ. ಒಂದು ಮೂಲೆಯಲ್ಲಿ ಟೇಪಿನ ತುದಿ ಇಟ್ಟು, ಅಲ್ಲಿಂದಲೇ ಎಲ್ಲವನ್ನೂ ಓದುತ್ತಾ ಹೋಗಿ: ಬಾಗಿಲು ಶುರು, ಬಾಗಿಲು ಮುಗಿಯಿತು, ಕಿಟಕಿ ಶುರು, ಹೀಗೆ. ತುಂಡು ಅಳತೆಯಲ್ಲಿ ಪ್ರತಿ ಸಲವೂ ಅರ್ಧ ಇಂಚು ತಪ್ಪಿದರೆ ಕೊನೆಗೆ ಎರಡು ಮೂರು ಇಂಚಾಗುತ್ತದೆ. ಪ್ರತಿ ಕೋಣೆಯ ಕರ್ಣವನ್ನೂ, ಅಂದರೆ ಮೂಲೆಯಿಂದ ಮೂಲೆಗೆ ಅಡ್ಡವಾಗಿ, ಎರಡೂ ಕಡೆ ಅಳೆಯಿರಿ. 12 ಅಡಿ, 16 ಅಡಿಯ ಕೋಣೆ ಸರಿಯಾಗಿ ಮೂಲೆಮಟ್ಟದಲ್ಲಿದ್ದರೆ, ಅಂದರೆ ಮೂಲೆಗಳು 90 ಡಿಗ್ರಿ ಇದ್ದರೆ, ಕರ್ಣ 20 ಅಡಿ ಬರಬೇಕು. ಒಂದು ಕರ್ಣ ಜಾಸ್ತಿ, ಇನ್ನೊಂದು ಕಡಿಮೆ ಬಂದರೆ ಕೋಣೆ ಓರೆಯಾಗಿದೆ ಎಂದರ್ಥ. ಇದು ಈಗಲೇ ಗೊತ್ತಾದರೆ ಒಳ್ಳೆಯದು, ಹೊಸ ಗೋಡೆ ಹಳೇ ಗೋಡೆಗೆ ತಾಗುವಾಗ ಗೊತ್ತಾದರೆ ಕಷ್ಟ.

ಗೋಡೆಯ ದಪ್ಪ ಮರೆಯಬೇಡಿ. ಬಾಗಿಲ ಬಳಿ ಅಳೆದರೆ ಸಿಗುತ್ತದೆ. ಕಿಟಕಿ ನೆಲದಿಂದ ಎಷ್ಟು ಎತ್ತರದಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಲಿಂಟಲ್ (ಬಾಗಿಲು ಕಿಟಕಿಯ ಮೇಲೆ ಅಡ್ಡಕ್ಕೆ ಹಾಕುವ ತೊಲೆ) ಎಲ್ಲಿದೆ, ಚಾವಣಿ ಎಷ್ಟು ಎತ್ತರ ಎಂಬುದನ್ನೂ ಬರೆದುಕೊಳ್ಳಿ. ಹೊರಗೆ ಹೋಗಿ ನೀರಿನ ಪೈಪು, ಒಳಚರಂಡಿಯ ಚೇಂಬರ್, ಕರೆಂಟ್ ಮೀಟರ್, ಮರ, ಕಾಂಪೌಂಡ್ ಎಲ್ಲದರ ದೂರ ಗುರುತಿಸಿ. ಚೇಂಬರಿನ ಮುಚ್ಚಳ ತೆಗೆದು ಒಳಗಿನ ಪೈಪು ಎಷ್ಟು ಆಳದಲ್ಲಿದೆ ಎಂದು ನೋಡಿಡಿ. ಈ ಒಂದು ಸಂಖ್ಯೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಈಗ ಎಲ್ಲವನ್ನೂ ಚೌಕಳಿ ಹಾಳೆಗೆ ಇಳಿಸಿ. ಕಾಲು ಇಂಚಿಗೆ ಒಂದು ಅಡಿ ಎಂದಿಟ್ಟುಕೊಂಡರೆ 40 ಅಡಿಯ ಮನೆ 10 ಇಂಚಿನಲ್ಲಿ ಬರುತ್ತದೆ. ಅಡಿಯಾಗಲಿ ಮೀಟರಾಗಲಿ, ಒಂದನ್ನೇ ಕೊನೆಯವರೆಗೂ ಬಳಸಿ. ಕಂಪ್ಯೂಟರ್ ಅಭ್ಯಾಸ ಇದ್ದವರಿಗೆ ಸ್ವೀಟ್ ಹೋಮ್ ತ್ರೀಡಿ, ಲಿಬ್ರೆಕ್ಯಾಡ್‌ನಂಥ ಉಚಿತ ತಂತ್ರಾಂಶಗಳಿವೆ. ಆದರೂ ಮೊದಲ ಯೋಚನೆಗೆ ಕಾಗದವೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಕಂಪ್ಯೂಟರಿನಲ್ಲಿ ಬರೆದದ್ದು ಬೇಗ ಚೆಂದ ಕಾಣುತ್ತದೆ. ಚೆಂದ ಕಂಡದ್ದನ್ನು ಅಳಿಸಲು ಮನಸ್ಸು ಬರುವುದಿಲ್ಲ.

ಕಟ್ಟಲು ಎಷ್ಟು ಜಾಗ ಇದೆ?

ಖಾಲಿ ಇರುವ ಜಾಗವೆಲ್ಲ ಕಟ್ಟುವ ಜಾಗವಲ್ಲ. ಗಡಿಯಿಂದ ಎಷ್ಟು ಬಿಡಬೇಕು, ನಿವೇಶನದಲ್ಲಿ ಎಷ್ಟು ಭಾಗ ಕಟ್ಟಬಹುದು, ಎತ್ತರ ಎಷ್ಟಿರಬಹುದು ಎಂಬ ನಿಯಮ ಊರಿಂದೂರಿಗೆ ಬೇರೆ. ನಿಮ್ಮ ಸ್ಥಳೀಯ ಆಡಳಿತದ ಕಚೇರಿಗೆ ಹೋಗಿ ಇಷ್ಟನ್ನೂ ಕೇಳಿ. ಜೊತೆಗೆ, ಅನುಮತಿಗೆ ಕೊಡುವ ನಕ್ಷೆಗೆ ಪರವಾನಗಿ ಇರುವವರ ಸಹಿ ಬೇಕಾ ಎಂದೂ ಕೇಳಿ. ಎಷ್ಟೋ ಕಡೆ ಬೇಕಾಗುತ್ತದೆ. ಆಗ ವಿನ್ಯಾಸ ನಿಮ್ಮದೇ ಇಟ್ಟುಕೊಂಡು, ಎಂಜಿನಿಯರ್ ಅಥವಾ ಡ್ರಾಫ್ಟ್ಸ್‌ಮನ್ ಕೈಲಿ ಅಂತಿಮ ನಕ್ಷೆ ಮಾಡಿಸಬಹುದು. ತಿಳಿದ ಗಡಿಗೆರೆಗಳನ್ನು ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಎಳೆಯಿರಿ. ಅದರೊಳಗೆ ಉಳಿದದ್ದೇ ನಿಮ್ಮ ಜಾಗ.

ಹಳೇ ಕೋಣೆಯ ಬೆಳಕು ಉಳಿಸಿಕೊಳ್ಳಿ

ಒಂದು ಉದಾಹರಣೆ ಹಿಡಿದು ನೋಡೋಣ. ಮನೆಯ ಹಿಂಭಾಗದಲ್ಲಿ ಹಾಲ್ ಇದೆ. ಹಿಂದಿನ ಗೋಡೆಯ ಉದ್ದ 16 ಅಡಿ. ಅದರ ಎಡತುದಿಯಲ್ಲಿ ಹಿತ್ತಿಲ ಬಾಗಿಲು, ಬಲತುದಿಯಲ್ಲಿ 4 ಅಡಿ ಅಗಲದ ಕಿಟಕಿ. ಹಾಲಿಗೆ ಬೇರೆ ಕಿಟಕಿ ಇಲ್ಲ. ಹಿಂದೆ 28 ಅಡಿ ಖಾಲಿ ಜಾಗ. ಅಲ್ಲಿ ಅಮ್ಮನಿಗೆ ಒಂದು ಮಲಗುವ ಕೋಣೆ, ಬಚ್ಚಲು ಬೇಕು.

ಸಾಮಾನ್ಯವಾಗಿ ಎಲ್ಲರಿಗೂ ಮೊದಲು ಹೊಳೆಯುವುದು 16 ಅಡಿಯ ಗೋಡೆಗೆ 16 ಅಡಿಯ ಕೋಣೆಯನ್ನೇ ಅಂಟಿಸುವುದು. ನೋಡಲು ಅಚ್ಚುಕಟ್ಟು. ಆದರೆ ಹಾಲಿನ ಕಿಟಕಿ ಹೊಸ ಕೋಣೆಯೊಳಗೆ ತೆರೆಯುತ್ತದೆ. ಕಿಟಕಿಯ ಬೆಳಕು ಒಳಗೆ ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಒಂದು ಅಂದಾಜು ಲೆಕ್ಕ ಇದೆ: ನೆಲದಿಂದ ಕಿಟಕಿಯ ಮೇಲ್ತುದಿಗೆ ಇರುವ ಎತ್ತರದ ಎರಡರಿಂದ ಎರಡೂವರೆ ಪಟ್ಟು. ಕಿಟಕಿ 7 ಅಡಿಗೆ ಮುಗಿದರೆ 14ರಿಂದ 17 ಅಡಿ ಒಳಗಿನವರೆಗೆ ಕೆಲಸಕ್ಕೆ ಸಾಕಾಗುವ ಬೆಳಕು. ಹೊಸ ಕೋಣೆ ದಾಟಿ ಬರುವಷ್ಟರಲ್ಲಿ ಅದು ಹಾಲಿಗೆ ಏನೂ ಉಳಿದಿರುವುದಿಲ್ಲ. ಹಾಲಿನಲ್ಲಿ ಹಗಲು ಹೊತ್ತೂ ದೀಪ ಹಾಕಬೇಕಾಗುತ್ತದೆ. ಇದರ ಜೊತೆಗೆ ಇನ್ನೊಂದು ತೊಂದರೆ. ಅಮ್ಮನ ಕೋಣೆಗೆ ಹಾಲಿನಿಂದ ಬಿಟ್ಟರೆ ಬೇರೆ ದಾರಿ ಇಲ್ಲ. ಹಾಲಿನಲ್ಲಿ ಬೆಂಕಿ ಹೊತ್ತಿಕೊಂಡರೆ ಅವರು ಹೊರಬರುವುದು ಹೇಗೆ? ಇನ್ನೊಂದು ಕೋಣೆ ದಾಟಿಯೇ ಹೋಗಬೇಕಾದ ಕೋಣೆಗೆ ಹೊರಗೆ ಹೋಗುವ ಬಾಗಿಲೋ, ಒಬ್ಬರು ದಾಟಿ ಬರುವಷ್ಟು ದೊಡ್ಡ ಕಿಟಕಿಯೋ ಇರಲೇಬೇಕು.

ಈಗ ಹೊಸ ಕೋಣೆಯನ್ನು ಎಡಕ್ಕೆ ತಳ್ಳಿ. ಒಳಗಿನ ಅಗಲ 10 ಅಡಿ ಸಾಕು ಎಂದಿಟ್ಟುಕೊಳ್ಳಿ. ಗೋಡೆ 9 ಇಂಚು. ಹಾಲಿನ 16 ಅಡಿಯಲ್ಲಿ ಬಲಗಡೆ 5 ಅಡಿಗಿಂತ ಸ್ವಲ್ಪ ಜಾಸ್ತಿ ಉಳಿಯಿತು. ಕಿಟಕಿ ಅಲ್ಲೇ ಇದೆ, ಅದರ ಮುಂದೆ ಆಕಾಶ ಇದೆ. ಹಿತ್ತಿಲ ಬಾಗಿಲು ಹೊಸ ಭಾಗಕ್ಕೆ ಹೋಗುವ ಬಾಗಿಲಾಯಿತು, ಗೋಡೆ ಒಡೆಯುವ ಕೆಲಸವೇ ಬರಲಿಲ್ಲ. ಕೋಣೆ 6 ಅಡಿ ಕಿರಿದಾಯಿತು ನಿಜ, ಆದರೆ ಮನೆಯಲ್ಲಿ ಚೆನ್ನಾಗಿರುವ ಕೋಣೆ ಈಗ ಎರಡು.

ಹೊಸ ಕೋಣೆಗೂ ಒಂದೇ ಕಿಟಕಿ ಇಟ್ಟು ಮುಗಿಸಬೇಡಿ. ಎರಡು ಗೋಡೆಗಳಲ್ಲಿ, ಆದಷ್ಟು ಎದುರುಬದುರು ಇಡಿ. ಗಾಳಿ ಬರಲು ಒಂದು ದಾರಿ ಇದ್ದರೆ ಸಾಲದು, ಹೋಗಲೂ ಇನ್ನೊಂದು ಬೇಕು. ತೆರೆಯುವ ಕಿಟಕಿಗಳ ಒಟ್ಟು ವಿಸ್ತೀರ್ಣ ನೆಲದ ವಿಸ್ತೀರ್ಣದ ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಆಗದಿರಲಿ. ಪಶ್ಚಿಮದ ಬಿಸಿಲು ಕೆಳಗಿನಿಂದ ಓರೆಯಾಗಿ ಬರುತ್ತದೆ, ಕಿಟಕಿಯ ಮೇಲಿನ ಸಜ್ಜಾ ಅದನ್ನು ತಡೆಯುವುದಿಲ್ಲ. ಸೆಕೆ ಇರುವ ಕಡೆ ಆ ದಿಕ್ಕಿನ ಕಿಟಕಿ ಚಿಕ್ಕದಿರಲಿ.

ಬಚ್ಚಲು ಎಲ್ಲಿ ಎಂದು ಚರಂಡಿಯನ್ನು ಕೇಳಿ

ಬಚ್ಚಲು ಎಲ್ಲಿರಬೇಕು ಎಂಬುದನ್ನು ನಾವು ಇಷ್ಟಪಟ್ಟಂತೆ ತೀರ್ಮಾನಿಸಲು ಆಗುವುದಿಲ್ಲ. ಕೊಳೆನೀರು ತಾನಾಗಿಯೇ ಇಳಿದು ಹೋಗಬೇಕು. 4 ಇಂಚಿನ ಪೈಪಿಗೆ ಸಾಮಾನ್ಯವಾಗಿ 40 ಅಡಿಗೆ ಒಂದು ಅಡಿ ಇಳಿಜಾರು ಕೊಡುತ್ತಾರೆ.

ನಮ್ಮ ಉದಾಹರಣೆಯಲ್ಲಿ ಬಚ್ಚಲನ್ನು ಕೋಣೆಯ ಆಚೆ ತುದಿಗೆ ಹಾಕಿದರೆ ಹಳೇ ಚೇಂಬರಿಗೆ 40 ಅಡಿ. ಪೈಪು ಹೊರಡುವುದು ನೆಲಮಟ್ಟಕ್ಕಿಂತ ಒಂದೂವರೆ ಅಡಿ ಕೆಳಗಿನಿಂದ. ಚೇಂಬರ್ ಸೇರುವಾಗ ಇನ್ನೊಂದು ಅಡಿ ಇಳಿದು ಎರಡೂವರೆ ಅಡಿ ಆಳದಲ್ಲಿರುತ್ತದೆ. ಚೇಂಬರಿನೊಳಗೆ ಹಳೇ ಪೈಪು ಇರುವುದು ಅದೇ ನೆಲಮಟ್ಟದಿಂದ ಎರಡೇ ಅಡಿ ಆಳದಲ್ಲಿ. ಅಂದರೆ ಹೊಸ ಪೈಪು ಅರ್ಧ ಅಡಿ ಕೆಳಗೆ ಬಂದು ನಿಂತಿತು. ನೀರು ಹತ್ತುವುದಿಲ್ಲ. ಅದೇ ಬಚ್ಚಲನ್ನು ಹಾಲಿನ ಪಕ್ಕಕ್ಕೆ ತಂದರೆ ದೂರ 20 ಅಡಿ, ಇಳಿಜಾರು ಅರ್ಧ ಅಡಿ, ಸೇರುವ ಆಳ ಸರಿಯಾಗಿ ಎರಡು ಅಡಿ. ಹೊಂದಿತು. ಇಷ್ಟು ಹತ್ತಿರದ ಲೆಕ್ಕ ಬಂದಾಗ ಟ್ಯೂಬ್ ಲೆವೆಲ್ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ಎರಡೂ ಕಡೆಯ ಮಟ್ಟವನ್ನು ಮತ್ತೊಮ್ಮೆ ಅಳೆಯಿರಿ. ಕಣ್ಣಿಗೆ ಸಮ ಕಾಣುವ ನೆಲದಲ್ಲೂ ನಾಲ್ಕೈದು ಇಂಚು ಏರುಪೇರು ಇರುತ್ತದೆ.

ಹೀಗೆ ನಕ್ಷೆ ತಾನಾಗಿಯೇ ಒಂದು ರೂಪಕ್ಕೆ ಬಂತು. ಹಾಲಿಗೆ ತಾಗಿ 7 ಅಡಿ ಉದ್ದದ ಪಟ್ಟಿ. ಅದರಲ್ಲಿ ಎಡಕ್ಕೆ ಮೂರೂವರೆ ಅಡಿಯ ಓಣಿ, ಬಲಕ್ಕೆ 6 ಅಡಿಯ ಬಚ್ಚಲು, ನಡುವೆ ತೆಳು ಗೋಡೆ. ಅದರಾಚೆ 12 ಅಡಿ ಉದ್ದದ ಕೋಣೆ. ಓಣಿಯ ಎಡಗೋಡೆಯಲ್ಲಿ ಹಿತ್ತಿಲಿಗೆ ಹೊಸ ಬಾಗಿಲು. ಗೋಡೆಗಳೂ ಸೇರಿ ಸುಮಾರು 20 ಅಡಿ ಹೋಯಿತು, ಹಿಂದೆ 8 ಅಡಿ ಉಳಿಯಿತು. ಬಚ್ಚಲ ಕಿಟಕಿ ಹಾಲಿನ ಕಿಟಕಿಯ ಪಕ್ಕದ ಗೋಡೆಗೇ ಬರುವುದರಿಂದ ಅದನ್ನು ತಲೆಗಿಂತ ಎತ್ತರದಲ್ಲಿಡಿ.

ಮಂಚ, ಬೀರು ಇಟ್ಟು ಅಳೆಯಿರಿ

ಕೋಣೆಯ ಅಳತೆಯನ್ನು ಸುಮ್ನೆ 10ಕ್ಕೆ 12 ಎಂದು ಹೇಳಿಬಿಡುವ ಬದಲು ಒಳಗೆ ಬರುವ ಸಾಮಾನಿನಿಂದ ಶುರು ಮಾಡಿ. ಮಂಚ 5 ಅಡಿ ಅಗಲ, ಆರೂವರೆ ಅಡಿ ಉದ್ದ. ಅದರ ಎರಡೂ ಬದಿ ಓಡಾಡಲು ಎರಡೂವರೆ ಅಡಿ. ಬೀರು 2 ಅಡಿ ಆಳ. 5, ಎರಡೂವರೆ, ಎರಡೂವರೆ, 2 ಕೂಡಿದರೆ 12. ಇನ್ನೊಂದು ದಿಕ್ಕಿನಲ್ಲಿ ಮಂಚದ ಉದ್ದ ಕಳೆದರೆ ಕಾಲಬಳಿ ಮೂರೂವರೆ ಅಡಿ ಉಳಿಯುತ್ತದೆ. ಇದೇ ಬೀರುವನ್ನು ಕಾಲಬಳಿಯ ಗೋಡೆಗೆ ಇಟ್ಟರೆ ಉಳಿಯುವುದು ಒಂದೂವರೆ ಅಡಿ, ಬಾಗಿಲು ಪೂರ್ತಿ ತೆರೆಯುವುದಿಲ್ಲ. ದಪ್ಪ ಕಾಗದದಲ್ಲಿ ಅದೇ ಅಳತೆಗೆ ಮಂಚ, ಬೀರು ಕತ್ತರಿಸಿ ನಕ್ಷೆಯ ಮೇಲೆ ಸರಿಸಿ ನೋಡಿ. ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಪ್ರತಿ ಬಾಗಿಲಿಗೂ ಬರೆಯಿರಿ.

ವಯಸ್ಸಾದವರ ಕೋಣೆಯಾದರೆ ಬಾಗಿಲು ತೆರೆದಾಗ ಸಿಗುವ ಅಗಲ 3 ಅಡಿ ಇರಲಿ. ಗಾಲಿಕುರ್ಚಿ ತಿರುಗಲು 5 ಅಡಿಯ ವೃತ್ತ ಬೇಕು. ಬಚ್ಚಲಲ್ಲಿ ಅಷ್ಟು ಜಾಗ ಈಗ ಬಿಟ್ಟರೆ ಮುಂದೆ ಗೋಡೆ ಒಡೆಯಬೇಕಿಲ್ಲ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ತಳ್ಳಲು ಬರುವುದಿಲ್ಲ. ಹಿತ್ತಿಲಿಗೆ ಇಳಿಯಲು ಮೆಟ್ಟಿಲು ಬೇಕಾದರೆ ಒಂದು ಹಳೇ ಸೂತ್ರ ಇದೆ, 17ನೇ ಶತಮಾನದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಹೇಳಿದ್ದು: ಮೆಟ್ಟಿಲ ಎತ್ತರದ ಎರಡು ಪಟ್ಟು ಮತ್ತು ಪಾದ ಇಡುವ ಜಾಗದ ಅಗಲ ಕೂಡಿದರೆ ಸುಮಾರು 24 ಇಂಚು ಬರಬೇಕು. 6 ಇಂಚು ಎತ್ತರಕ್ಕೆ 12 ಇಂಚು ಅಗಲ. ಮಂಡಿ ನೋವಿರುವವರಿಗೂ ಇದು ಹಿತ. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಬೇಕು.

ಹಳೇ ಗೋಡೆ, ಹೊಸ ಗೋಡೆ ಸೇರುವ ಜಾಗ

ವಿಸ್ತರಿಸಿದ ಮನೆಗಳಲ್ಲಿ ಬಿರುಕು ಕಾಣುವುದು ಹೆಚ್ಚಾಗಿ ಇಲ್ಲೇ. ಕಾರಣ ಸರಳ. ಹಳೇ ಮನೆ ತನ್ನ ಭಾರಕ್ಕೆ ಎಷ್ಟು ಕುಸಿಯಬೇಕೋ ಅಷ್ಟು ಕುಸಿದು ಯಾವತ್ತೋ ನಿಂತಿದೆ. ಹೊಸದು ಈಗಷ್ಟೇ ಕುಸಿಯಲು ಶುರು ಮಾಡುತ್ತದೆ. ಎರಡನ್ನೂ ಬಿಗಿಯಾಗಿ ಸೇರಿಸಿದರೆ ನಡುವೆ ಎಲ್ಲೋ ಬಿಟ್ಟುಕೊಳ್ಳಲೇಬೇಕು. ಹಳೇ ಗೋಡೆಯ ಇಟ್ಟಿಗೆ ಕಿತ್ತು ಹೊಸದನ್ನು ಅದರೊಳಗೆ ಸೇರಿಸಿ ಕಟ್ಟಿದರೆ ಗಟ್ಟಿ ಎಂದು ಮೇಸ್ತ್ರಿ ಹೇಳಬಹುದು. ಒಪ್ಪುವ ಮೊದಲು ಎಂಜಿನಿಯರನ್ನು ಕೇಳಿ. ಎಷ್ಟೋ ಸಲ ಎರಡರ ನಡುವೆ ನೆಟ್ಟಗೆ ಒಂದು ಸಂದು ಬಿಟ್ಟು, ಅದನ್ನು ಹಿಗ್ಗಿ ಕುಗ್ಗುವ ವಸ್ತುವಿನಿಂದ ತುಂಬಿ, ಹೊಸ ತಾರಸಿಯನ್ನು ಅದರದೇ ಕಂಬ ಅಥವಾ ಗೋಡೆಯ ಮೇಲೆ ನಿಲ್ಲಿಸುವುದು ಸರಿಯಾದ ದಾರಿ.

ಹಳೇ ಪಾಯ ಎಷ್ಟು ಆಳ ಇದೆ ಎಂದು ಗೋಡೆ ಪಕ್ಕ ಒಂದು ಚಿಕ್ಕ ಗುಂಡಿ ತೋಡಿ ನೋಡಿಸಿ. ಹೊಸ ಪಾಯಕ್ಕೆಂದು ಅದಕ್ಕಿಂತ ಆಳಕ್ಕೆ, ಅದರ ಬುಡದಲ್ಲೇ, ಉದ್ದಕ್ಕೂ ಒಮ್ಮೆಲೇ ಅಗೆಯಲು ಯಾವತ್ತೂ ಬಿಡಬೇಡಿ. ಹಳೇ ಗೋಡೆಯ ಕೆಳಗಿನ ಮಣ್ಣು ಜಾರಿದರೆ ಗೋಡೆಯೂ ಹೋಗುತ್ತದೆ. ಅಷ್ಟು ಆಳ ಬೇಕೇ ಬೇಕೆಂದಾದರೆ ಎಂಜಿನಿಯರ್ ಹೇಳಿದ ಕ್ರಮದಲ್ಲಿ ಮೂರ್ನಾಲ್ಕು ಅಡಿಯ ತುಂಡುಗಳಾಗಿ ಮಾಡಬೇಕು.

ಗೋಡೆ ಒಡೆದು ದೊಡ್ಡ ಬಾಯಿ ಮಾಡುವ ಆಸೆ ಇದ್ದರೆ ಆ ಗೋಡೆ ಭಾರ ಹೊರುತ್ತದಾ ಎಂಬುದು ಮೊದಲ ಪ್ರಶ್ನೆ. ಮೇಲಿನ ಮಹಡಿಯಲ್ಲಿ ಅದೇ ಜಾಗದಲ್ಲಿ ಗೋಡೆ ಇದೆಯಾ, ತೊಲೆಯ ತುದಿ ಅದರ ಮೇಲೆ ಕೂತಿದೆಯಾ ಎಂದು ನೋಡಿದರೆ ಸುಳಿವು ಸಿಗುತ್ತದೆ. ತಟ್ಟಿ ನೋಡಿದರೆ ಇದು ತಿಳಿಯುವುದಿಲ್ಲ. ಕಂಬ, ತೊಲೆ ಇರುವ ಮನೆಯಲ್ಲಿ ಗೋಡೆ ಬರೀ ಮರೆಗೆ ಇರಬಹುದು. ಗೋಡೆಯ ಮೇಲೇ ನಿಂತ ಮನೆಯಲ್ಲಿ ಪ್ರತಿ ಗೋಡೆಯನ್ನೂ ಭಾರ ಹೊರುವ ಗೋಡೆ ಎಂದೇ ತಿಳಿಯಿರಿ.

ತಾರಸಿ ಮತ್ತು ಮಟ್ಟ

ಹೊಸ ಕೋಣೆಯ ನೆಲ ಹಾಲಿನ ನೆಲಕ್ಕೆ ಸಮ ಇರಬೇಕಾದರೆ ಟೈಲ್ಸ್, ಅದರ ಕೆಳಗಿನ ಗಾರೆ ಎಲ್ಲ ಸೇರಿ ಎಷ್ಟು ದಪ್ಪ ಎಂದು ಮೊದಲೇ ಕಳೆಯಬೇಕು. ಬಾಗಿಲಲ್ಲಿ ಒಂದು ಇಂಚಿನ ಏರಿಳಿತ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ತಗುಲುತ್ತದೆ. ಗೋಡೆಗೆ ನೆಲದ ತೇವ ಏರದಂತೆ ಹಾಕುವ ಪದರ ಹಳೆಯದಕ್ಕೂ ಹೊಸದಕ್ಕೂ ಒಂದೇ ಮಟ್ಟದಲ್ಲಿ ಸೇರಲಿ.

ಸಮತಟ್ಟು ಕಾಣುವ ತಾರಸಿಗೂ 100 ಅಡಿಗೆ ಕನಿಷ್ಠ ಒಂದು ಅಡಿಯ ಲೆಕ್ಕದಲ್ಲಿ ಇಳಿಜಾರು ಬೇಕು. 20 ಅಡಿಗೆ ಸುಮಾರು ಎರಡೂವರೆ ಇಂಚು. ಇಳಿಜಾರು ಹಳೇ ಮನೆಯಿಂದ ಆಚೆಗೆ ಇರಲಿ. ಹಳೇ ಮಾಡಿನ ನೀರು ಎಲ್ಲಿ ಬೀಳುತ್ತದೆ ನೋಡಿ. ನೇರ ಹೊಸ ತಾರಸಿಯ ಮೇಲೆ ಬೀಳುವಂತಿದ್ದರೆ ಆ ಪೈಪನ್ನು ಬೇರೆ ಕಡೆಗೆ ತಿರುಗಿಸಿ. ತಾರಸಿ ಹಳೇ ಗೋಡೆಗೆ ತಾಗುವಲ್ಲಿ ನೀರು ತಡೆಯುವ ಪದರವನ್ನು ಗೋಡೆಯ ಮೇಲೆ ಕನಿಷ್ಠ 6 ಇಂಚು ಏರಿಸಬೇಕು. ಸೋರಿಕೆ ಶುರುವಾಗುವುದೇ ಈ ಮೂಲೆಯಲ್ಲಿ, ಇದನ್ನು ನಕ್ಷೆಯಲ್ಲಿ ದೊಡ್ಡದಾಗಿ ಬೇರೆಯೇ ಬರೆದು ಕೊಡಿ.

ನೆಲದ ಮೇಲೆ ಬರೆದು ನೋಡಿ

ನಕ್ಷೆ ಒಂದು ಹಂತಕ್ಕೆ ಬಂದ ಮೇಲೆ ಸುಣ್ಣದ ಪುಡಿಯಿಂದ ಹಿತ್ತಿಲಲ್ಲಿ ನಿಜವಾದ ಅಳತೆಗೆ ಗೆರೆ ಎಳೆಯಿರಿ. ಬಾಗಿಲ ಜಾಗ ಬಿಡಿ. ನಿಜವಾದ ಮಂಚವನ್ನೇ ತಂದು ಹಾಕಿ. ಕೋಣೆಯಲ್ಲಿ ಇರಬೇಕಾದವರನ್ನೇ ಅಲ್ಲಿ ನಡೆಸಿ, ಕೂರಿಸಿ. ರಾತ್ರಿ ಎದ್ದು ಬಚ್ಚಲಿಗೆ ಹೋಗುವ ದಾರಿಯನ್ನು ಅವರೇ ನಡೆದು ತೋರಿಸಲಿ. ಗೆರೆ ಕೆಲವು ದಿನ ಹಾಗೇ ಇರಲಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲಿ ಬೀಳುತ್ತದೆ ನೋಡಿ. ಗೋಡೆ ಇಲ್ಲದ ಬಯಲಲ್ಲಿ ಕೋಣೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಅದಕ್ಕೆ ಹೆದರಿ ದೊಡ್ಡದು ಮಾಡಬೇಡಿ, ಟೇಪನ್ನೇ ನಂಬಿ. ಎತ್ತರ ಅಂದಾಜಾಗದಿದ್ದರೆ ರಟ್ಟಿನಲ್ಲಿ ಮನೆಯ ಮಾದರಿ ಮಾಡಿ, ಹಾಲಿನ ಕಿಟಕಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ.

ಮೇಸ್ತ್ರಿ ಕೈಗೆ ಏನು ಕೊಡಬೇಕು?

ನಿವೇಶನದ ನಕ್ಷೆ, ನೆಲದ ನಕ್ಷೆ, ನಾಲ್ಕೂ ಕಡೆಯ ಹೊರನೋಟ, ತಾರಸಿಯ ನಕ್ಷೆ. ಇವುಗಳ ಜೊತೆ ಛೇದ ನಕ್ಷೆ ಕಡ್ಡಾಯ. ಮನೆಯನ್ನು ಮೇಲಿಂದ ಕೆಳಕ್ಕೆ ಕತ್ತರಿಸಿದರೆ ಹೇಗೆ ಕಾಣುತ್ತದೋ ಅದು. ತಾವೇ ನಕ್ಷೆ ಹಾಕುವವರು ಇದನ್ನು ಬಿಟ್ಟುಬಿಡುತ್ತಾರೆ, ಆದರೆ ಪಾಯ, ನೆಲ, ಲಿಂಟಲ್, ತಾರಸಿಯ ಮಟ್ಟಗಳು ಹೊಂದುತ್ತವೆಯೋ ಇಲ್ಲವೋ ಎಂದು ತಿಳಿಯುವುದು ಇದರಲ್ಲೇ. ಬಾಗಿಲು ಕಿಟಕಿಗಳ ಪಟ್ಟಿ, ಸ್ವಿಚ್ಚು ಪ್ಲಗ್ಗುಗಳ ಎತ್ತರ ಬೇರೆ ಹಾಳೆಯಲ್ಲಿರಲಿ. ಮಂಚದ ತಲೆಬದಿಗೆ ಒಂದು ಸ್ವಿಚ್ಚು ಇಡಿ. ಹೊಸ ಭಾಗದ ಹೊರೆಯನ್ನು ಹಳೇ ವೈರಿಂಗ್ ತಡೆಯುತ್ತದಾ ಎಂದು ಎಲೆಕ್ಟ್ರಿಷಿಯನ್ ಪರೀಕ್ಷಿಸಲಿ.

ಪ್ರತಿ ಹಾಳೆಗೂ ದಿನಾಂಕ ಹಾಕಿ. ತಿದ್ದಿದಾಗ ಹಳೇ ಪ್ರತಿಯನ್ನು ಕೆಲಸದ ಜಾಗದಿಂದ ವಾಪಸ್ ತೆಗೆದುಕೊಳ್ಳಿ. ಇಬ್ಬರ ಕೈಲಿ ಎರಡು ನಕ್ಷೆ ಇದ್ದರೆ ಗೋಡೆ ಮೂರನೇ ಕಡೆ ಏಳುತ್ತದೆ. ಖರ್ಚಿನ ಅಂದಾಜಿನ ಮೇಲೆ ಶೇಕಡಾ 10ರಿಂದ 15 ಬೇರೆ ತೆಗೆದಿಡಿ. ಹಳೇ ಮನೆ ಮುಟ್ಟಿದಾಗ ಮೊದಲು ಕಾಣದಿದ್ದ ಕೆಲಸ ಬಂದೇ ಬರುತ್ತದೆ. ಹಣವನ್ನು ದಿನದ ಲೆಕ್ಕದಲ್ಲಿ ಕೊಡುವ ಬದಲು ಪಾಯ, ಗೋಡೆ, ತಾರಸಿ ಎಂದು ಹಂತ ಮುಗಿದ ಹಾಗೆ ಕೊಡುವುದು ಇಬ್ಬರಿಗೂ ಒಳ್ಳೆಯದು.

ಪಾಯಕ್ಕೆ ಗುರುತು ಹಾಕುವ ದಿನ ನೀವು ಅಲ್ಲಿರಲೇಬೇಕು. ದಾರ ಕಟ್ಟಿದ ಮೇಲೆ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ಗುರುತು ಮಾಡಿ, ನಡುವಿನ ದೂರ 5 ಅಡಿ ಬಂತಾ ನೋಡಿ. ಬಂದರೆ ಮೂಲೆಮಟ್ಟ ಸರಿ. ಆಮೇಲೆ ಇಡೀ ಕೋಣೆಯ ಎರಡೂ ಕರ್ಣ ಅಳೆದು, ಸಮ ಬಂದ ಮೇಲೆ ಅಗೆಯಲು ಹೇಳಿ. ಮುಂದೆ ಪ್ಲಾಸ್ಟರಿಂಗ್ ಶುರುವಾಗುವ ಹಿಂದಿನ ದಿನ ಗೋಡೆಯಲ್ಲಿ ಹೋದ ಪ್ರತಿ ನೀರಿನ ಪೈಪು, ಕರೆಂಟಿನ ಪೈಪಿನ ಪಕ್ಕ ಟೇಪು ಹಿಡಿದು ಫೋಟೊ ತೆಗೆಯಿರಿ. ಆ ಅಳತೆಗಳನ್ನು ನಿಮ್ಮ ನಕ್ಷೆಯಲ್ಲಿ ತುಂಬಿ ಮನೆಯ ಕಾಗದಪತ್ರದ ಜೊತೆ ಇಡಿ, ನಾಳೆ ಗೋಡೆಗೆ ಮೊಳೆ ಹೊಡೆಯುವವರಿಗೆ ಬೇಕಾಗುತ್ತದೆ.